ಎರಡು ಸ್ಟೇಷನ್‌ಗಳ ನಡುವೆ ಏನಿದೆ? ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈ: ಸೈಕಲ್ ಮೇಲಿಂದ ಕಂಡ ಚರಿತ್ರೆ

ಇವತ್ತಿನ ಮಾತಿನಲ್ಲಿ ರಾಜರೂ ಬರ್ತಾರೆ, ಶಾಸನಗಳೂ ಬರ್ತವೆ. ಆದರೆ ಎಲ್ಲವೂ ಸೈಕಲ್ ದಾರಿಯಲ್ಲಿ ನನಗೆ ಸಿಕ್ಕ ಕ್ರಮದಲ್ಲೇ ಬರ್ತವೆ. ಇಸವಿಯ ಕ್ರಮದಲ್ಲೇ ಬೇಕು ಅನ್ನೋರು ಇವತ್ತೊಂದು ದಿನ ಸ್ವಲ್ಪ ಹೊಂದಾಣಿಕೆ ಮಾಡ್ಕೊಳ್ಳಿ.

ನಾನು ಈ ಕಡೆಗೆ ಬಂದು ಎಂಟು ವರ್ಷ ಆಯ್ತು. ಮೊದಲ ಎರಡು ವರ್ಷ ನನಗೆ ಗೊತ್ತಿದ್ದದ್ದು ಒಂದೇ ಸಾಲು: ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳ್ವಾ, ಠಾಣೆ. ಠಾಣೆಯಲ್ಲಿ ಇಳಿದು, ಬ್ರಿಡ್ಜ್ ಹತ್ತಿ ಓಡಿ, ವಾಶಿ ಕಡೆ ಹೋಗೋ ಟ್ರೈನ್ ಹಿಡಿದರೆ ಐರೋಲಿ, ಆಫೀಸ್. ರಾತ್ರಿ ಅದೇ ಸಾಲು ಉಲ್ಟಾ. ಹೆಸರುಗಳು ಬಾಯಿಪಾಠ ಆಗಿದ್ದವು, ಆದರೆ ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ಮಧ್ಯ ಏನಿದೆ ಅಂತ ಕೇಳಿದ್ರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇರೋದಕ್ಕೆ ಸಾಧ್ಯಾನೂ ಇರಲಿಲ್ಲ. ಬೆಳಿಗ್ಗೆ 8 ಗಂಟೆಯ ಫಾಸ್ಟ್ ಲೋಕಲ್‌ನಲ್ಲಿ ನಿಂತವನಿಗೆ ಕಾಣೋದು ಮುಂದೆ ನಿಂತವರ ಬೆನ್ನು ಮಾತ್ರ.

ಒಂದು ಸಲ ಊರಿಂದ ಅಜ್ಜಿ ಫೋನಲ್ಲಿ ಕೇಳಿದರು: "ಕಲ್ಯಾಣದ ಹತ್ರ ಇದೀನಿ ಅಂತೀಯಲ್ಲ, ಅದು ಬಸವಣ್ಣನ ಕಲ್ಯಾಣವೇನೋ?" ನಾನು ನಕ್ಕು, "ಇಲ್ಲಜ್ಜಿ, ಅದು ಬೀದರ್ ಕಡೆ, ಇದು ಬೇರೆ" ಅಂದೆ. "ಹಾಗಾದ್ರೆ ಇದು ಯಾರ ಕಲ್ಯಾಣ?" ಅಂದರು. ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಬಾಡಿಗೆ ಕಟ್ಟಿದ ಊರಿನ ಬಗ್ಗೆ ಒಂದು ವಾಕ್ಯ ಹೇಳೋಕೆ ಆಗಲಿಲ್ಲ. ಮುಂದಿನ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡೆ.

ಇವತ್ತು ನಾನು ಹೇಳಬೇಕು ಅಂತಿರೋದು ಇಷ್ಟೇ. ಪರವೂರಲ್ಲಿ ನಾವು ಎಷ್ಟು ವರ್ಷ ಇದ್ದೀವಿ ಅನ್ನೋದರಿಂದ ಅಲ್ಲಿ ನೆಲೆಯೂರೋದಿಲ್ಲ. ಎರಡು ಸ್ಟೇಷನ್‌ಗಳ ನಡುವಿನ ನೆಲ ಯಾರದ್ದಾಗಿತ್ತು, ನಮಗಿಂತ ಮೊದಲು ಯಾರ್ಯಾರು ಬಂದರು ಅಂತ ಗೊತ್ತಾದಾಗ ನೆಲೆ ಶುರುವಾಗುತ್ತೆ. ಆಗ "ಇದು ನಮ್ಮೂರಲ್ಲ" ಅನ್ನೋ ಗೊಣಗಾಟಾನೂ ಕಮ್ಮಿ ಆಗುತ್ತೆ, "ಇದೆಲ್ಲ ಒಂದು ಕಾಲದಲ್ಲಿ ನಮ್ಮದೇ" ಅನ್ನೋ ಜಂಬಾನೂ ಕಮ್ಮಿ ಆಗುತ್ತೆ.

ಊರನ್ನು ಗೆರೆ ಮಾಡಿದ ರೈಲು

ಮೊದಲು ಆ ಸಾಲು ಬಂದದ್ದು ಹೇಗೆ ಅಂತ ನೋಡೋಣ. 1853ರ ಏಪ್ರಿಲ್ 16, ಮಧ್ಯಾಹ್ನ ಮೂರೂವರೆ ಸುಮಾರಿಗೆ ಬೋರಿಬಂದರ್‌ನಿಂದ ಒಂದು ಟ್ರೈನ್ ಹೊರಟಿತು. 14 ಡಬ್ಬಿ, ಸುಮಾರು 400 ಅತಿಥಿಗಳು, ಎಳೆಯೋದಕ್ಕೆ ಮೂರು ಎಂಜಿನ್: ಸಾಹಿಬ್, ಸಿಂಧ್, ಸುಲ್ತಾನ್. ಭಾರತದ ಮೊದಲ ಪ್ರಯಾಣಿಕರ ರೈಲು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದು ಇದನ್ನೇ. ಅದು ಹೋಗಿ ನಿಂತದ್ದು 34 ಕಿ.ಮೀ. ದೂರದ ಠಾಣೆಯಲ್ಲಿ. ಅಂದ್ರೆ ನಾನು ದಿನಾ ಬೈಕೊಂಡು ಟ್ರೈನ್ ಬದಲಾಯಿಸ್ತಿದ್ದ ಸ್ಟೇಷನ್ನೇ ಈ ದೇಶದ ಮೊದಲ ರೈಲಿನ ಕೊನೇ ಸ್ಟೇಷನ್!

ಮರುವರ್ಷ, 1854ರ ಮೇ 1ಕ್ಕೆ, ಠಾಣೆ ಖಾಡಿಯ ಮೇಲೆ ಸೇತುವೆ ಕಟ್ಟಿ ಕಲ್ಯಾಣದವರೆಗೆ ಹಳಿ ಬಂತು. ಖಾಡಿ ಅಂದ್ರೆ ಸಮುದ್ರ ಒಳನಾಡಿಗೆ ನುಗ್ಗಿದ ಹಿನ್ನೀರು. ನಮ್ಮ ಕರಾವಳಿಯವರಿಗೆ ಅಳಿವೆ ಅಂದ್ರೆ ಅರ್ಥ ಆಗುತ್ತೆ. ಕಲ್ಯಾಣದಿಂದ ದಾರಿ ಎರಡಾಯ್ತು. ಒಂದು ಭೋರ್ ಘಾಟ್ ಹತ್ತಿ ಪುಣೆ ಕಡೆಗೆ, ಇನ್ನೊಂದು ಥಳ್ ಘಾಟ್ ಹತ್ತಿ ನಾಸಿಕ್ ಕಡೆಗೆ. ಇವತ್ತಿಗೂ ಕಲ್ಯಾಣ ಜಂಕ್ಷನ್ ಆಗಿರೋದು ಅದಕ್ಕೇ.

ರೈಲು ಬರೋ ಮೊದಲು ಈ ಊರುಗಳ ಮುಖ ಇದ್ದದ್ದು ನೀರಿನ ಕಡೆಗೆ. ಠಾಣೆಯ ಮುಖ ಖಾಡಿಗೆ, ಕಲ್ಯಾಣದ ಮುಖ ಉಲ್ಹಾಸ್ ನದಿಗೆ. ಹಳಿ ಬಂದ ಮೇಲೆ ಊರುಗಳು ತಿರುಗಿ ಸ್ಟೇಷನ್ ಕಡೆ ಮುಖ ಮಾಡಿದವು. ಎಲ್ಲಾ ಊರಲ್ಲೂ ಈಸ್ಟ್, ವೆಸ್ಟ್ ಅಂತ ಎರಡು ಭಾಗ. ನೀವು ಯಾವ ಕಡೆ ಅಂತ ಕೇಳಿದ್ರೆ ನಾವು ಹಳಿಯ ಯಾವ ಬದಿ ಅಂತ ಹೇಳ್ತೀವಿ. ಸೈಕಲ್ ತಗೊಂಡು ಹಳಿ ಬಿಟ್ಟು ನೀರಿನ ಕಡೆ ಹೋದಾಗಲೇ ಹಳೇ ಊರಿನ ಮುಖ ಕಾಣೋದು. ಈ ಮಾತು ಆಮೇಲೆ ಮತ್ತೆ ಬರುತ್ತೆ.

ಜೈಲಿನ ಕಿಟಕಿ ಕೆಳಗಿನ ಹಾಡು

ಠಾಣೆ ಸ್ಟೇಷನ್‌ನಿಂದ ಸೈಕಲ್‌ನಲ್ಲಿ ಹತ್ತು ನಿಮಿಷ ಹೋದ್ರೆ ಠಾಣೆ ಸೆಂಟ್ರಲ್ ಜೈಲಿನ ಕಲ್ಲಿನ ಗೋಡೆ ಸಿಗುತ್ತೆ. ಅದು ಜೈಲಿಗಾಗಿ ಕಟ್ಟಿದ ಗೋಡೆ ಅಲ್ಲ, ಕೋಟೆ. 1730ರ ದಶಕದಲ್ಲಿ ಪೋರ್ಚುಗೀಸರು ಕಟ್ಟೋಕೆ ಶುರು ಮಾಡಿದ್ದು. 1737ರಲ್ಲಿ ಮರಾಠರು ಗೆದ್ದರು, 1774ರ ಡಿಸೆಂಬರ್‌ನಲ್ಲಿ ಇಂಗ್ಲಿಷರು ಕಿತ್ತುಕೊಂಡರು.

ಈ ಕೋಟೆಯಲ್ಲಿ ನಡೆದ ಒಂದು ಕಥೆ ನನಗೆ ಬಹಳ ಇಷ್ಟ. ಎರಡನೇ ಬಾಜೀರಾವ್ ಪೇಶ್ವೆಯ ಆಪ್ತ ಮಂತ್ರಿ ತ್ರ್ಯಂಬಕಜಿ ಡೇಂಗಳೆ. ಬರೋಡೆಯ ಗಾಯಕವಾಡರ ಪ್ರತಿನಿಧಿ ಗಂಗಾಧರ ಶಾಸ್ತ್ರಿ 1815ರಲ್ಲಿ ಪಂಢರಪುರದಲ್ಲಿ ಕೊಲೆಯಾದಾಗ ಆರೋಪ ಇವನ ಮೇಲೆ ಬಂತು. ಇಂಗ್ಲಿಷರು ಇವನನ್ನು ತಂದು ಠಾಣೆ ಕೋಟೆಯಲ್ಲಿ ಕೂಡಿಹಾಕಿದರು. ಸ್ಥಳೀಯ ಸಿಪಾಯಿಗಳನ್ನು ಯಾರಾದರೂ ಒಳಗೆ ಹಾಕಿಕೊಂಡಾರು ಅನ್ನೋ ಭಯಕ್ಕೆ ಪೂರ್ತಿ ಯುರೋಪಿಯನ್ ಕಾವಲು ಇಟ್ಟರು. ಸೆಕ್ಯುರಿಟಿ ಡಿಸೈನ್ ಅಂದ್ರೆ ಹೀಗಿರಬೇಕು ಅಂತ ಅವರಿಗೆ ಅನ್ನಿಸಿರಬೇಕು.

ಅದರಲ್ಲಿ ಒಂದೇ ಒಂದು ತೂತಿತ್ತು. ಕಾವಲಿನವರಿಗೆ ಮರಾಠಿ ಬರ್ತಿರಲಿಲ್ಲ. ಒಬ್ಬ ಆಫೀಸರ್‌ನ ಕುದುರೆ ನೋಡಿಕೊಳ್ಳೋ ಮರಾಠಿ ಆಳು ದಿನಾ ಕಿಟಕಿ ಕೆಳಗೆ ಕುದುರೆ ಉಜ್ಜುತ್ತಾ ಹಾಡು ಹೇಳ್ತಿದ್ದ. ಕಾವಲಿನವರು ಹಾಡು ಅಂದ್ಕೊಂಡರು. ಆ ಹಾಡಿನಲ್ಲಿ ಇದ್ದದ್ದು ತಪ್ಪಿಸಿಕೊಳ್ಳೋ ಪ್ಲಾನ್! 1816ರ ಸೆಪ್ಟೆಂಬರ್‌ನಲ್ಲಿ ತ್ರ್ಯಂಬಕಜಿ ಮಾಯವಾದ.

ಇದನ್ನು ಓದಿದ ದಿನ ನನಗೆ ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆನೂ ಆಯ್ತು. ಯಾಕಂದ್ರೆ ಆಗ ನಾನೂ ಆ ಕಾವಲುಗಾರನ ಹಾಗೇ ಇದ್ದೆ. ಟ್ರೈನಲ್ಲಿ, ಲಿಫ್ಟಲ್ಲಿ, ಅಂಗಡಿಯಲ್ಲಿ ನನ್ನ ಸುತ್ತ ದಿನವಿಡೀ ಮರಾಠಿ ಹರಿಯುತ್ತಿತ್ತು. ನನಗೆ ಅದು ಬರೀ ಹಿನ್ನೆಲೆ ಸಂಗೀತ.

ಬೆಟ್ಟದ ಆಚೆ ಬದಿ ಅಮೋಘವರ್ಷ

ಠಾಣೆಯ ಸೈಕಲ್ ಜನ ಭಾನುವಾರ ಬೆಳಿಗ್ಗೆ ಹೋಗೋ ಜಾಗ ಯೇಊರ್ ಬೆಟ್ಟ. ಏರು ಕಡಿದು, ಮಳೆಗಾಲದಲ್ಲಿ ಹಸಿರೋ ಹಸಿರು. ಇದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚು. ಇದೇ ಕಾಡಿನ ಇನ್ನೊಂದು ಬದಿಯಲ್ಲಿ, ಬೋರಿವಲಿ ಗೇಟಿನಿಂದ ಒಳಗೆ ಹೋದ್ರೆ, ಕಾನ್ಹೇರಿಯ ಬೌದ್ಧ ಗುಹೆಗಳಿವೆ. ನಾನು ಘೋಡ್‌ಬಂದರ್ ರಸ್ತೆಯಲ್ಲಿ ಸುತ್ತು ಹಾಕಿ ಹೋದೆ. ಒಂದು ಇಡೀ ದಿನ ಬೇಕು, ಲಾರಿಗಳ ಧೂಳು ಬೇರೆ.

ಕಾನ್ಹೇರಿಯಲ್ಲಿ 9ನೇ ಶತಮಾನದ ಮೂರು ಶಾಸನಗಳಿವೆ. ಆಗ ಈ ಉತ್ತರ ಕೊಂಕಣವನ್ನು ಆಳ್ತಿದ್ದವರು ಶಿಲಾಹಾರರು. ಪುಲ್ಲಶಕ್ತಿ, ಅವನ ಮಗ ಇಮ್ಮಡಿ ಕಪರ್ದಿ. ಆದರೆ ಅವರು ಸ್ವತಂತ್ರರಲ್ಲ, ಸಾಮಂತರು. ಅವರ ಮೇಲಿನ ಸಾರ್ವಭೌಮ ಯಾರು ಅಂತ ಶಾಸನಗಳೇ ಹೇಳ್ತವೆ: ಅಮೋಘವರ್ಷ.

ಹೌದು, ನಮ್ಮ ಅಮೋಘವರ್ಷ ನೃಪತುಂಗನೇ. ಮಳಖೇಡದ ರಾಷ್ಟ್ರಕೂಟ ದೊರೆ. ಕನ್ನಡದಲ್ಲಿ ಉಳಿದಿರೋ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು ಇವನ ಆಸ್ಥಾನದಲ್ಲಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಅಂತ ಹೇಳೋದು ಅದೇ ಗ್ರಂಥ. ಆಮೇಲೆ ಶಿಲಾಹಾರರ ಬಿರುದುಗಳನ್ನೇ ನೋಡಿ. ಸಂಸ್ಕೃತ ಬಿರುದುಗಳ ಸಾಲಿನ ಮಧ್ಯೆ 'ಮಲಗಲಗಂಡ' ಅಂತ ಅಚ್ಚ ಕನ್ನಡದ ಹೆಸರು ಬರುತ್ತೆ. ಅವರು ತಮ್ಮ ಮೂಲ ಅಂತ ಹೇಳಿಕೊಳ್ಳೋದು ತಗರಪುರ, ಅಂದ್ರೆ ಇವತ್ತಿನ ಧಾರಾಶಿವ ಜಿಲ್ಲೆಯ ತೇರ್. ಅವರ ತಾಮ್ರಪಟಗಳಲ್ಲಿ ಬರೋ 'ಸ್ಥಾನಕ'ವೇ ಇವತ್ತಿನ ಠಾಣೆ.

ಇನ್ನೂ ಹಿಂದೆ ಹೋದ್ರೆ 634ರ ಐಹೊಳೆ ಶಾಸನ. ಇಮ್ಮಡಿ ಪುಲಿಕೇಶಿ ನೂರಾರು ಹಡಗು ತಂದು ಕೊಂಕಣದ ಮೌರ್ಯರ ರಾಜಧಾನಿ ಪುರಿಯನ್ನು ಮುತ್ತಿದ ಅಂತ ರವಿಕೀರ್ತಿ ಅದರಲ್ಲಿ ಬರೆದಿದ್ದಾನೆ.

ಈಗ ಇಲ್ಲಿ ಒಂದು ಅಪಾಯ ಇದೆ. ಇಷ್ಟು ಕೇಳಿದ ತಕ್ಷಣ ನಮ್ಮಲ್ಲಿ ಕೆಲವರಿಗೆ ಎದೆ ಉಬ್ಬುತ್ತೆ. "ನೋಡಿದ್ರಾ, ಠಾಣೆ ನಮ್ಮದೇ!" ನನಗೂ ಮೊದಲು ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಕಾನ್ಹೇರಿಯ ಶಾಸನಗಳಲ್ಲಿ ಇನ್ನೊಂದು ಹೆಸರಿದೆ: ಅವಿಘ್ನಾಕರ. ಇವನು ಗೌಡ ದೇಶದಿಂದ, ಅಂದ್ರೆ ಇವತ್ತಿನ ಬಂಗಾಳದ ಕಡೆಯಿಂದ ಬಂದ ಬೌದ್ಧ ಭಕ್ತ. ಇಲ್ಲಿನ ಭಿಕ್ಷುಗಳಿಗೆ ವಸ್ತ್ರ, ವಸತಿಗೆ ಅಂತ ನೂರು ದ್ರಮ್ಮ ನಾಣ್ಯ ದತ್ತಿ ಇಟ್ಟ. ಕನ್ನಡದ ಚಕ್ರವರ್ತಿ, ಕೊಂಕಣದ ಸಾಮಂತ, ಬಂಗಾಳದ ದಾನಿ, ಮೂವರೂ ಒಂದೇ ಕಲ್ಲಿನ ಮೇಲೆ ಇದ್ದಾರೆ. ನಾವು ಒಂದು ಹೆಸರು ಮಾತ್ರ ಓದಿ ಉಳಿದದ್ದು ಬಿಟ್ಟರೆ ಅದು ಚರಿತ್ರೆ ಆಗಲ್ಲ.

ಇನ್ನೊಂದು ವಿಷಯ. ಮರಾಠಿಯ ತೀರಾ ಹಳೆಯ ಶಾಸನಗಳಲ್ಲಿ ಒಂದು ಎಲ್ಲಿದೆ ಗೊತ್ತಾ? ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದದ ಬಳಿ. ಇಲ್ಲಿ ಕನ್ನಡದ ಗುರುತು, ಅಲ್ಲಿ ಮರಾಠಿಯ ಗುರುತು. ಲೆಕ್ಕ ಸರಿಹೋಯ್ತು.

ಯಾರ ಕಲ್ಯಾಣ?

ಅಜ್ಜಿಯ ಪ್ರಶ್ನೆಗೆ ಬರೋಣ. ಡೊಂಬಿವಲಿಯಿಂದ ಕಲ್ಯಾಣಕ್ಕೆ ಸೈಕಲ್‌ನಲ್ಲಿ ಅರ್ಧ ಗಂಟೆಯೂ ಬೇಡ. ಸ್ಟೇಷನ್ನಿನ ಗದ್ದಲ ದಾಟಿ ಪಶ್ಚಿಮಕ್ಕೆ ಹೋದ್ರೆ ಖಾಡಿಯ ದಂಡೆ, ದುರ್ಗಾಡಿ ಕೋಟೆ. 1657ರಲ್ಲಿ ಶಿವಾಜಿ ಕಲ್ಯಾಣ-ಭಿವಂಡಿ ಗೆದ್ದ ಮೇಲೆ ಮರಾಠಾ ನೌಕಾಪಡೆಯ ಕೆಲಸ ಶುರುವಾದದ್ದು ಈ ದಂಡೆಯಲ್ಲಿ.

ಆದರೆ ಬಂದರು ಅದಕ್ಕಿಂತ ಬಹಳ ಹಳೆಯದು. ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಅನ್ನೋ ಸಮುದ್ರಯಾನದ ಕೈಪಿಡಿಯಲ್ಲಿ ಇದರ ಹೆಸರು ಕಲ್ಲಿಯೇನ. ಅದರಲ್ಲಿ ಒಂದು ಸ್ವಾರಸ್ಯದ ಮಾತಿದೆ. ಹಿಂದೆ ಇದು ಕಾನೂನುಬದ್ಧ ಮಾರುಕಟ್ಟೆ ಆಗಿತ್ತಂತೆ. ಆಮೇಲೆ ಆಡಳಿತ ಬದಲಾಗಿ, ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಬರಿಗಾಜಕ್ಕೆ, ಅಂದ್ರೆ ಭರೂಚಿಗೆ, ಕಳಿಸಿಬಿಡ್ತಿದ್ದರಂತೆ. ಎರಡು ಸಾವಿರ ವರ್ಷದ ಹಿಂದೆಯೇ ವೀಸಾ ಸಮಸ್ಯೆ! ನಮ್ಮ ಐಟಿ ಮಂದಿಗೆ ಇದು ಬೇಗ ಅರ್ಥ ಆಗುತ್ತೆ. ಕಾನ್ಹೇರಿ ಗುಹೆ ಕೊರೆಸಿದ ದಾನಿಗಳಲ್ಲಿ ಕಲ್ಯಾಣದ ವ್ಯಾಪಾರಿಗಳು ಇದ್ದಾರೆ. 6ನೇ ಶತಮಾನದಲ್ಲಿ ಕಾಸ್ಮಾಸ್ ಅನ್ನೋ ಅಲೆಕ್ಸಾಂಡ್ರಿಯದ ವರ್ತಕ, 'ಕಲ್ಲಿಯಾನ'ದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಒಬ್ಬರು ಇದ್ದಾರೆ ಅಂತ ಬರೆದಿದ್ದಾನೆ.

ಹೀಗಾಗಿ ಅಜ್ಜಿಗೆ ಕೊಡೋ ಉತ್ತರ: ಇದು ಬಂದವರ ಕಲ್ಯಾಣ. ಬಸವಣ್ಣನ ಕಲ್ಯಾಣಕ್ಕೂ ದೂರದೂರದಿಂದ ಶರಣರು ಬಂದಿದ್ದರಲ್ಲ, ಅಜ್ಜಿಗೆ ಇದು ಒಪ್ಪಿಗೆಯಾಯ್ತು.

ಕಲ್ಯಾಣದಿಂದ ಸ್ವಲ್ಪ ಮುಂದೆ ಅಂಬರನಾಥ. ಉಲ್ಹಾಸನಗರದ ಟ್ರಾಫಿಕ್ಕಲ್ಲಿ ಉಸಿರು ಬಿಗಿಹಿಡಿದು ದಾಟಿದ್ರೆ, ವಾಲ್ಧುನಿ ನದಿಯ ಪಕ್ಕದಲ್ಲಿ ಕಪ್ಪು ಕಲ್ಲಿನ ಶಿವ ದೇವಸ್ಥಾನ. ಅದರ ಶಾಸನದ ವರ್ಷ ಶಕ 982, ಅಂದ್ರೆ ಕ್ರಿ.ಶ. 1060. ಕಾಲ ಅದೇ ಶಿಲಾಹಾರ ವಂಶದ ಮುಮ್ಮುಣಿಯದು. ಬೇಲೂರಿನ ಚೆನ್ನಕೇಶವ 1117ರದ್ದು, ಹಾಗಾಗಿ ಇದು ಬೇಲೂರಿಗಿಂತ ಅರ್ಧ ಶತಮಾನಕ್ಕೂ ಹೆಚ್ಚು ಹಳೆಯದು. ನದಿ ಈಗ ಕೊಳೆತ ನಾಲೆ. ಸುತ್ತಲಿನ ಕಾರ್ಖಾನೆಗಳ ನೀರು ಅದರೊಳಗೆ. ಹೊರಗೋಡೆಯ ಶಿಲ್ಪಗಳನ್ನು ನೋಡ್ತಾ ಇದ್ದರೂ ಮೂಗು ಮುಚ್ಚಬೇಕಾಗುತ್ತೆ. ನನಗೆ ಈ ಪ್ರದೇಶದ ಇಡೀ ಕಥೆ ಆ ಒಂದು ಜಾಗದಲ್ಲೇ ಇದೆ ಅನ್ನಿಸುತ್ತೆ.

ನಮಗಿಂತ ಮೊದಲು ಬಂದ ಕನ್ನಡಿಗರು

ಈಗ ಶಾಸನ ಬಿಟ್ಟು ಮನುಷ್ಯರಿಗೆ ಬರೋಣ. ನಮ್ಮ ಐಟಿ ತಲೆಮಾರಿಗೆ ಒಂದು ಭ್ರಮೆ ಇದೆ, ಮುಂಬೈ ಕಡೆಗೆ ಓದಿಕೊಂಡು ಬಂದ ಕನ್ನಡಿಗರು ನಾವೇ ಮೊದಲು ಅಂತ.

ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬೈಯಲ್ಲಿ ಶುರುವಾದದ್ದು 1902ರಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926, ಕರ್ನಾಟಕ ಸಂಘ 1933. ಕರಾವಳಿಯ ಹುಡುಗರು ಹಡಗು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟ್‌ನ ಕನ್ನಡ ನೈಟ್ ಸ್ಕೂಲ್‌ನಲ್ಲಿ ಓದಿ ಮೆಟ್ರಿಕ್ ಮಾಡಿಕೊಂಡರು. ಅವರಲ್ಲಿ ಎಷ್ಟೋ ಜನ ಬ್ಯಾಂಕು, ಕಾರ್ಖಾನೆ, ಸ್ವಂತ ಹೋಟೆಲು ಅಂತ ಮೇಲೆ ಬಂದರು.

1962ರಲ್ಲಿ ಎಂಐಡಿಸಿ ಹುಟ್ಟಿ, ಠಾಣೆಯ ವಾಗ್ಳೆ ಎಸ್ಟೇಟ್, ಠಾಣೆ-ಬೇಲಾಪುರ ರಸ್ತೆ, ಡೊಂಬಿವಲಿ, ಅಂಬರನಾಥಗಳಲ್ಲಿ ಕಾರ್ಖಾನೆಗಳು ಎದ್ದವು. ಕೆಮಿಸ್ಟ್‌ಗಳು, ಎಂಜಿನಿಯರ್‌ಗಳು ಬೇಕಾದರು. ನಮ್ಮ ಸಾಹಿತ್ಯದಲ್ಲೇ ನೋಡಿ. 'ಶಿಕಾರಿ' ಬರೆದ ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರು. ಜಯಂತ ಕಾಯ್ಕಿಣಿ ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿ ಬಯೋಕೆಮಿಸ್ಟ್ ಆಗಿದ್ದರು. ಕಂಪನಿ ಕೆಲಸ, ಅಪ್ರೈಸಲ್ ಭಯ, ಲೋಕಲ್ ಟ್ರೈನು, ಇವೆಲ್ಲ ನಮ್ಮ ಸ್ಟಾರ್ಟಪ್ ಕಾಲದ ಅನುಭವ ಅಂದ್ಕೊಂಡವರು 1979ರ 'ಶಿಕಾರಿ' ಒಮ್ಮೆ ತೆಗೆದು ನೋಡಿ.

ಊರೊಳಗೆ ಬಾಡಿಗೆ ಏರಿದ ಹಾಗೆ ಆ ತಲೆಮಾರಿನ ಅನೇಕರು ಹಳಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆ ಮನೆ ಮಾಡಿದರು. ಡೊಂಬಿವಲಿ ಕರ್ನಾಟಕ ಸಂಘ ಅಲ್ಲಿ ಮಂಜುನಾಥ ಹೆಸರಿನ ಶಾಲೆ, ಕಾಲೇಜು ನಡೆಸುತ್ತೆ. ನಾನು ಅದರ ಮುಂದೆ ಎಷ್ಟೋ ಸಲ ಆಟೋದಲ್ಲಿ ಹೋಗಿದ್ದೆ. ಆದರೆ ಬೋರ್ಡ್ ಓದಿದ್ದು ಸೈಕಲ್‌ನಲ್ಲಿ ಹೋದ ದಿನ.

ಆ ತಲೆಮಾರು ಸುಮ್ಮನೆ ಸುಖವಾಗಿರಲಿಲ್ಲ. 1966ರ ಜೂನ್‌ನಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣ ಭಾರತದವರು ನೌಕರಿ ಕಸಿದರು ಅನ್ನೋ ಕೂಗು ಎದ್ದಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಹೆಚ್ಚಿನವರು ಬಿಟ್ಟು ಹೋಗಲಿಲ್ಲ. ಮರಾಠಿ ಕಲಿತರು, ಮರಾಠಿ ನೆರೆಹೊರೆಯವರ ಮನೆ ಮದುವೆಗೆ ಹೋದರು, ಮನೆಯೊಳಗೆ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಉಳಿಸಿಕೊಂಡರು. ನಮಗಿಂತ ಕಮ್ಮಿ ಸಂಬಳದಲ್ಲಿ, ನಮಗಿಂತ ಜಾಸ್ತಿ ವಿರೋಧದಲ್ಲಿ ನೆಲೆ ಊರಿದ ಜನ ಅವರು.

ರೈಲಿನ ಬೆಲೆಯನ್ನೂ ಇಲ್ಲೇ ಹೇಳಬೇಕು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ, ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಕೆಳಗೆ ಬಿದ್ದು ಸತ್ತರು. ಕೆಲಸಕ್ಕೆ ಹೊರಟಿದ್ದ ಜನ. ಆ ತಿರುವು ನನಗೆ ಚೆನ್ನಾಗಿ ಗೊತ್ತು, ಎರಡು ವರ್ಷ ಅದೇ ಬಾಗಿಲಲ್ಲಿ ನಿಂತಿದ್ದೀನಿ. ಸೈಕಲ್ ಅದಕ್ಕೆ ಪರಿಹಾರ ಅಂತ ನಾನು ಹೇಳ್ತಿಲ್ಲ, 50 ಕಿ.ಮೀ. ದೂರ ಕೆಲಸಕ್ಕೆ ಹೋಗೋನಿಗೆ ಹಾಗೆ ಹೇಳೋದು ಅವಮಾನ. ಆದರೆ 1853ರಲ್ಲಿ ಎಳೆದ ಗೆರೆಯ ಮೇಲೆ ನಾವು ಎಷ್ಟು ಭಾರ ಹೇರಿದ್ದೀವಿ ಅನ್ನೋದು ಗೊತ್ತಿರಲಿ.

ಗದ್ದೆಯ ಮೇಲಿನ ಐಟಿ ಪಾರ್ಕ್

ಕೊನೆಗೆ ಖಾಡಿ ದಾಟಿ ನವಿ ಮುಂಬೈ. 1965ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಒಂದು ಯೋಚನೆ ಮುಂದಿಟ್ಟರು: ದಕ್ಷಿಣ-ಉತ್ತರ ಉದ್ದಕ್ಕೆ ಹಿಗ್ಗುತ್ತಿರೋ ಮುಂಬೈಯನ್ನು ಬಿಟ್ಟು ಪೂರ್ವಕ್ಕೆ, ಖಾಡಿಯ ಆಚೆ ಹೊಸ ನಗರ ಕಟ್ಟೋಣ. 1970ರ ಮಾರ್ಚ್‌ನಲ್ಲಿ ಸಿಡ್ಕೋ ಸ್ಥಾಪನೆ ಆಯ್ತು. ಬೆಂಗಳೂರಿನ ವಿಶ್ವೇಶ್ವರಯ್ಯ ಟವರ್ ವಿನ್ಯಾಸ ಮಾಡಿದ್ದೂ ಇದೇ ಕೊರಿಯಾ. ಬೇಲಾಪುರದಲ್ಲಿ ಅವರು ಕಟ್ಟಿದ ಆರ್ಟಿಸ್ಟ್ಸ್ ವಿಲೇಜ್‌ಗೆ ಸೈಕಲ್‌ನಲ್ಲೇ ಹೋಗಿ. ಏಳೇಳು ಮನೆಗೆ ಒಂದು ಅಂಗಳ, ಮನೆಗಳ ಗೋಡೆ ಒಂದಕ್ಕೊಂದು ಅಂಟಿಲ್ಲ, ದುಡ್ಡು ಕೂಡಿದ ಹಾಗೆ ಮನೆ ಬೆಳೆಸಿಕೊಳ್ಳಲಿ ಅಂತ.

ಯೋಜನೆ ಚೆನ್ನಾಗಿತ್ತು. ಆದರೆ ಆ ಜಾಗ ಖಾಲಿ ಇರಲಿಲ್ಲ. ಸುಮಾರು 344 ಚದರ ಕಿ.ಮೀ., 95 ಹಳ್ಳಿಗಳು. ಆಗ್ರಿ ಮತ್ತು ಕೋಳಿ ಸಮುದಾಯದ ಜನರ ಭತ್ತದ ಗದ್ದೆ, ಉಪ್ಪಿನ ಗದ್ದೆ, ಮೀನುಗಾರಿಕೆ. 1984ರ ಜನವರಿ 16 ಮತ್ತು 17ರಂದು, ದಿ. ಬಾ. ಪಾಟೀಲರ ನಾಯಕತ್ವದಲ್ಲಿ ನ್ಯಾಯದ ಪರಿಹಾರ ಕೇಳಿದ ರೈತರ ಮೇಲೆ ಉರಣ್ ತಾಲ್ಲೂಕಿನ ಜಾಸಯಿ ಸುತ್ತಮುತ್ತ ಪೊಲೀಸ್ ಗೋಲಿಬಾರ್ ಆಯ್ತು. ಐದು ಜನ ಸತ್ತರು. ಆ ಹೋರಾಟದ ಫಲವಾಗಿ, ವಶಪಡಿಸಿಕೊಂಡ ಜಮೀನಿನ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ರೈತರಿಗೆ ವಾಪಸ್ ಕೊಡೋ ಯೋಜನೆ ಬಂತು. 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಹೊಸ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಬೇಕು ಅಂತ ಜನ ಬೀದಿಗಿಳಿದದ್ದು ಯಾಕೆ ಅಂತ ಈಗ ಅರ್ಥ ಆಗುತ್ತಲ್ವಾ?

ಐರೋಲಿಯಲ್ಲಿ ಐಟಿ ಪಾರ್ಕಿನ ಗೇಟಿಂದ ಹೆದ್ದಾರಿ ದಾಟಿ ಖಾಡಿಯ ಕಡೆ ಹೋದ್ರೆ ದಿವಾ ಕೋಳಿವಾಡ ಸಿಗುತ್ತೆ. ಗಲ್ಲಿ ಕಿರಿದು, ಮನೆ ಮುಂದೆ ಒಣಮೀನು, ಆಚೆ ಮ್ಯಾಂಗ್ರೋವ್, ಚಳಿಗಾಲದಲ್ಲಿ ಖಾಡಿ ತುಂಬ ಫ್ಲೆಮಿಂಗೊ. 2022ರಲ್ಲಿ ಈ ಖಾಡಿಗೆ ರಾಮ್‌ಸರ್ ಮಾನ್ಯತೆಯೂ ಸಿಕ್ಕಿತು. ಒಂದು ದಿನ ಅಲ್ಲೇ ಹತ್ತಿರ ನನ್ನ ಚೈನ್ ಕಳಚಿತು. ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು "ತುಮ್ಹೀ ಕುಠಲೇ?" ಅಂದರು, ನೀವು ಎಲ್ಲಿಯವರು ಅಂತ. ನಾನು ಹಿಂದಿಯಲ್ಲಿ ಕರ್ನಾಟಕ ಅಂದೆ. ಕೆಲಸ ಎಲ್ಲಿ ಅಂದರು, ಕೈ ಎತ್ತಿ ಗಾಜಿನ ಕಟ್ಟಡ ತೋರಿಸಿದೆ. ಅವರು ಆ ಕಡೆ ನೋಡಿ, ಅಲ್ಲಿ ನಮ್ಮ ಗದ್ದೆ ಇತ್ತು ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ನೆಂಟರ ಮನೆ ಎಲ್ಲಿ ಅಂತ ಹೇಳೋ ಹಾಗೆ ಹೇಳಿದರು. ಆಮೇಲೆ ಚೈನ್ ಕೂರಿಸೋಕೆ ಹಳೇ ಬಟ್ಟೆ ತಂದುಕೊಟ್ಟರು. ಮರಾಠಿ ಕಲಿಯೋಕೆ ನಾನು ನಿಜವಾಗಿ ಶುರು ಮಾಡಿದ್ದು ಆ ವಾರ.

ನವಿ ಮುಂಬೈಯಲ್ಲಿ ನಮ್ಮ ಕರಾವಳಿಯ ಒಂದು ಋಣವೂ ಇದೆ. ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಇರೋದು ಬೇಲಾಪುರದಲ್ಲಿ. ರೋಹಾದಿಂದ ಮಂಗಳೂರಿನ ತೋಕೂರುವರೆಗೆ 741 ಕಿ.ಮೀ., ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26. ಅದನ್ನು ಹಟ ಹಿಡಿದು ಮಾಡಿಸಿದವರಲ್ಲಿ ಮುಖ್ಯರು ಮಂಗಳೂರಲ್ಲಿ ಹುಟ್ಟಿ, ಕೈಯಲ್ಲಿ ಕಾಸಿಲ್ಲದೆ ಮುಂಬೈಗೆ ಬಂದ ಜಾರ್ಜ್ ಫರ್ನಾಂಡಿಸ್. ಬಂದ ಊರನ್ನೂ ಬಿಟ್ಟ ಊರನ್ನೂ ಜೋಡಿಸಿದ ಮನುಷ್ಯ.

ಹೆಲ್ಮೆಟ್ ಹಾಕಿದವರು, ಹಾಕದವರು

ಸೈಕಲ್ ಬಗ್ಗೆ ಒಂದು ಮಾತು. 1923ರ ಅಕ್ಟೋಬರ್ 15ರಂದು ಮುಂಬೈಯ ಆರು ಪಾರ್ಸಿ ಯುವಕರು ಸೈಕಲ್‌ನಲ್ಲಿ ಲೋಕ ಸುತ್ತೋಕೆ ಹೊರಟರು. ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತಮ್ ಭುಮಗರಾ, ಈ ಮೂವರು ಸುಮಾರು 71,000 ಕಿ.ಮೀ. ತುಳಿದು 1928ರ ಮಾರ್ಚ್‌ನಲ್ಲಿ ವಾಪಸ್ ಬಂದರು. ಅದು ಸಾಹಸದ ಸೈಕಲ್. ಆದರೆ ಈ ಪ್ರದೇಶದಲ್ಲಿ ಬೆಳಿಗ್ಗೆ 5 ಗಂಟೆಗೆ ರಸ್ತೆಗಿಳಿದರೆ ಕಾಣೋದು ಬೇರೆ: ಪಾವ್ ಮಾರೋನು, ಪೇಪರ್ ಹುಡುಗ, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್. ಇವರು ಯಾರೂ ಹೆಲ್ಮೆಟ್ ಹಾಕಲ್ಲ, ಆ್ಯಪ್‌ನಲ್ಲಿ ಕಿಲೋಮೀಟರ್ ಎಣಿಸಲ್ಲ. ರಸ್ತೆಯಲ್ಲಿ ಸೈಕಲ್‌ಗೆ ಉಳಿದಿರೋ ಅಂಚು ಇವರು ಉಳಿಸಿದ್ದು. 2018ರಲ್ಲಿ ನವಿ ಮುಂಬೈಯಲ್ಲಿ ಬಾಡಿಗೆ ಸೈಕಲ್ ಶುರುವಾದಾಗ ಅದನ್ನು ತಂದದ್ದು ಬೆಂಗಳೂರಿನ ಯುಲು ಕಂಪನಿ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿರೋ ನಮ್ಮ ಗೆಳೆಯರು "ಇಲ್ಲಿ ನೋಡಿ ಹೇಗಿದೆ" ಅಂತ ಫೋಟೋ ಕಳಿಸ್ತಾರೆ. ಅದೂ ತಾನಾಗಿ ಆದದ್ದಲ್ಲ. 1970ರ ದಶಕದಲ್ಲಿ ಕಾರುಗಳಿಗೆ ಸಿಕ್ಕಿ ಮಕ್ಕಳು ಸಾಯೋದನ್ನು ನೋಡಿ ಅಲ್ಲಿನ ತಂದೆತಾಯಿಗಳು ರಸ್ತೆಯಲ್ಲಿ ಕೂತರು, 1973ರ ಪೆಟ್ರೋಲ್ ಬಿಕ್ಕಟ್ಟು ಸರ್ಕಾರವನ್ನು ಒಪ್ಪಿಸಿತು. ಹಕ್ಕು ಕೇಳಿದವರು ಅಲ್ಲಿನ ನೆಲದವರು. ಪರವೂರಲ್ಲಿ ತಾತ್ಕಾಲಿಕ ಅಂತ ಕೂತವರು ಇಂಥದ್ದು ಕೇಳೋದಿಲ್ಲ, ಕೇಳಿದ್ರೂ ಅವರ ಮಾತಿಗೆ ತೂಕ ಇರಲ್ಲ.

ಕೊನೇ ಮಾತು

2023ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಶೇ. 60 ಕನ್ನಡ ಬೋರ್ಡಿಗಾಗಿ ಗಲಾಟೆ ಆದಾಗ ನಮ್ಮ ಗ್ರೂಪುಗಳಲ್ಲೆಲ್ಲ ಒಂದೇ ಮಾತು: "ಬಂದವರು ಭಾಷೆ ಕಲೀಬೇಕು, ನೆಲಕ್ಕೆ ಮರ್ಯಾದೆ ಕೊಡಬೇಕು." ನಾನೂ ಲೈಕ್ ಒತ್ತಿದೆ. ಅದೇ ವರ್ಷ ಮಹಾರಾಷ್ಟ್ರದಲ್ಲಿ ಅಂಗಡಿಗಳಿಗೆ ಮರಾಠಿ ಬೋರ್ಡ್ ಹಾಕೋ ಗಡುವು ಬಂದಾಗ ಅದೇ ಗ್ರೂಪಿನಲ್ಲಿ "ಇವರದ್ದು ಅತಿಯಾಯ್ತು" ಅಂತ ಬರೆದರು. ಎರಡೂ ಒಟ್ಟಿಗೆ ಸರಿ ಆಗೋಕೆ ಸಾಧ್ಯ ಇಲ್ಲ. ಕಲ್ಲು ಎಸೆಯೋದು ಎಲ್ಲಿ ಆದ್ರೂ ತಪ್ಪು, ಅದು ಬೇರೆ ವಿಷಯ. ಆದರೆ ಬೆಂಗಳೂರಲ್ಲಿ ನಾವು ಬಂದವರಿಂದ ಏನು ಕೇಳ್ತೀವೋ, ಇಲ್ಲಿ ಬಂದವರಾಗಿ ಅದನ್ನು ಕೊಡಬೇಕು. ಅಷ್ಟೇ ಲೆಕ್ಕ.

ಭಾಷೆ ಕಲಿಯೋಕೆ ಸೈಕಲ್‌ಗಿಂತ ಒಳ್ಳೇ ಕ್ಲಾಸ್ ಇಲ್ಲ. ದಾರಿ ಕೇಳಬೇಕು, ಪಂಕ್ಚರ್ ಹಾಕಿಸಬೇಕು, ಟಪರಿಯಲ್ಲಿ ಚಹಾ ಕುಡೀಬೇಕು. 'ಅಣ್ಣಾ', 'ಅಕ್ಕಾ' ಎರಡೂ ಭಾಷೆಯಲ್ಲಿ ನಡೆಯುತ್ತೆ, ಅಲ್ಲಿಂದಲೇ ಶುರು ಮಾಡಿ.

ನೀವು ಠಾಣೆಯಲ್ಲೇ ಇರಿ, ಪುಣೆ, ಹೈದರಾಬಾದ್, ಐಂಡ್‌ಹೋವನ್, ಎಲ್ಲೇ ಇರಿ. ಬರೋ ಭಾನುವಾರ ಒಂದು ಕೆಲಸ ಮಾಡಿ. ನೀವು ದಿನಾ ಹತ್ತೋ ಸ್ಟೇಷನ್ನಿಗೂ ಅದರ ಮುಂದಿನ ಸ್ಟೇಷನ್ನಿಗೂ ನಡುವಿನ ದೂರವನ್ನು ಸೈಕಲ್‌ನಲ್ಲೋ ನಡೆದೋ ಹೋಗಿ. ದಾರಿಯಲ್ಲಿ ಒಬ್ಬರನ್ನಾದರೂ ಅವರ ಭಾಷೆಯಲ್ಲಿ ಕೇಳಿ: ಇಲ್ಲಿ ಮೊದಲು ಏನಿತ್ತು? ಉತ್ತರ ಸಿಕ್ಕಿದ್ರೆ ನನಗೂ ಹೇಳಿ.

ಮಳೆಗಾಲದಲ್ಲಿ ಹೋಗೋರು ಗುಂಡಿ ನೋಡ್ಕೊಳ್ಳಿ, ಹಿಂದಿನ ಲೈಟ್ ಹಾಕ್ಕೊಳ್ಳಿ.